ಮನೆಗಳಿದ್ದ ಚಿತ್ರವೇ ಮೊದಲಿನದು

ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೆಲಸದ ಗುಟ್ಟು ಹೊರಗೆ ಬಿಡುವುದಿಲ್ಲವೆಂದು ಕಂಪನಿಗೆ ಸಹಿ ಹಾಕಿಕೊಟ್ಟಿದ್ದೇನೆ. ಕಂಪನಿ ಬಿಟ್ಟ ಮೇಲೂ ಆ ಮಾತಿಗೆ ಕಟ್ಟುಬಿದ್ದವಳೇ. ಜಪಾನಿನ ಒಂದು ನಡುಗಾತ್ರದ ನಗರ, ಮಧ್ಯೆ ನದಿ, ಪೂರ್ವದ ಅಂಚಿಗೆ ರೈಲ್ವೆ ಕಾರ್ಯಾಗಾರ. ಇಷ್ಟು ತಿಳಿದರೆ ಸಾಕು.

2010ರ ಆಸುಪಾಸಿನಲ್ಲಿ ನಾನು ವೈಟ್‌ಫೀಲ್ಡಿನಲ್ಲಿ ನಕ್ಷೆ ತಯಾರಿಸುವ ಒಂದು ಕಂಪನಿಯಲ್ಲಿದ್ದೆ. ಜಪಾನಿನ ಒಂದು ಸರ್ವೆ ಸಂಸ್ಥೆಯಿಂದ ನಮಗೆ ಕೆಲಸ ಬಂತು. ಎರಡನೆಯ ಮಹಾಯುದ್ಧದ ಕೊನೆಯ ವರ್ಷ ಅಮೆರಿಕದ ವಿಮಾನಗಳು ಆ ನಗರದ ಮೇಲೆ ಹಾರಿ ತೆಗೆದ ಕಪ್ಪು-ಬಿಳುಪು ಚಿತ್ರಗಳನ್ನು ಅವರು ಸ್ಕ್ಯಾನ್ ಮಾಡಿ ಕಳಿಸುತ್ತಿದ್ದರು. ನಾವು ಅವನ್ನು ಇಂದಿನ ನಕ್ಷೆಯ ಮೇಲೆ ಸರಿಯಾಗಿ ಕೂರಿಸಬೇಕು. ಆಮೇಲೆ ಒಂದೊಂದು ಜಾಗದ ಸುತ್ತಲೂ ಗೆರೆ ಎಳೆದು ಅದು ಯಾವ ವರ್ಗದ ಜಾಗವೆಂದು ಗುರುತಿಸಬೇಕು. ಒತ್ತೊತ್ತಾದ ಕಟ್ಟಡ, ಬಿಡಿ ಕಟ್ಟಡ, ಸಾಗುವಳಿ, ನೀರು, ಬಾಂಬಿನ ಗುಂಡಿ, ಖಾಲಿ ಜಾಗ ಎಂಬ ವರ್ಗಗಳಿದ್ದವು. ಯಾತಕ್ಕೆ ಈ ನಕ್ಷೆ ಎಂದು ನಮಗೆ ಹೇಳಿರಲಿಲ್ಲ. ಹಳೆಯ ಕಾಲದ ಭೂಬಳಕೆಯ ಅಧ್ಯಯನ ಎಂದುಕೊಂಡಿದ್ದೆವು.

ತಂಡ ಚಿಕ್ಕದು. ಟೀಮ್ ಲೀಡ್ ಒಬ್ಬರು, ಅವರ ಮೇಲೆ ಮ್ಯಾನೇಜರ್. ನನ್ನ ಪಕ್ಕದ ಸೀಟಿನಲ್ಲಿ ಸರ್ಜಾಪುರದ ಒಬ್ಬ ಸಹೋದ್ಯೋಗಿ. ಅಜ್ಜ ಮುತ್ತಜ್ಜನ ಕಾಲದಿಂದ ಅಲ್ಲೇ ನೆಲೆಸಿದ ಮನೆತನ ಅವನದು. ಅವರ ರಾಗಿ ಹೊಲ ಲೇಔಟ್ ಆಗುವಾಗ ಅಳತೆಗೆ ಬಂದವರ ಹಿಂದೆ ಸುತ್ತಿ ಸುತ್ತಿಯೇ ಅವನಿಗೆ ನಕ್ಷೆಯ ಹುಚ್ಚು ಹಿಡಿದದ್ದು. ಹತ್ತು ಜನ ಕೇಳುವ ಹಾಗೆ ಮಾತಾಡುತ್ತಿದ್ದ. ನಾನು ಕೇಳಿದ್ದಕ್ಕೆ ಉತ್ತರ ಕೊಡುವವಳು. ಆದರೂ ಇಬ್ಬರಿಗೂ ಹೊಂದಿಕೊಂಡು ಹೋಗುತ್ತಿತ್ತು.

ಮೊದಲ ಕಂತಿನ ಚಿತ್ರಗಳು ಬಂದ ವಾರ ಅವನು ಕುರ್ಚಿ ಹಿಂದಕ್ಕೆ ತಳ್ಳಿ ಕರೆದ.

"ಮೇಡಂ, ಇಲ್ನೋಡ್ರಿ. ನಮ್ಮೂರು ಜಪಾನ್‌ಗೆ ಓಗ್ಬಿಟ್ಟಿದೆ."

"ಏನದು?"

"ಲೇಔಟ್ ಕಣ್ರೀ! ರೋಡ್ ಒಡೆದವ್ರೆ, ಸೈಟ್ ಬುಟ್ಟವ್ರೆ, ಮನೆ ಒಂದೂ ಬಂದಿಲ್ಲ. ಕಲ್ಲು ನೆಟ್ಟು ಬೋರ್ಡ್ ಆಕೋದೊಂದು ಬಾಕಿ."

ನೋಡಿದೆ. ಅವನು ಹೇಳಿದ್ದು ಸರಿ ಅನ್ನಿಸಿತು. ತಿಳಿಬೂದು ನೆಲ, ಅದರ ಮೇಲೆ ಪಟ್ಟಿ ಹಿಡಿದು ಎಳೆದಂತೆ ಅಡ್ಡ ಉದ್ದ ಬೀದಿಗಳು. ಬೀದಿಗಳ ನಡುವೆ ಏನೂ ಇಲ್ಲ. ಅಲ್ಲೊಂದು ಇಲ್ಲೊಂದು ಕಾಂಕ್ರೀಟ್ ಕಟ್ಟಡ ಮಾತ್ರ, ಕೆಲವಕ್ಕೆ ಚಾವಣಿಯೂ ಇಲ್ಲ, ಒಳಗಿನ ಕೋಣೆಗಳ ಗೋಡೆಗಳು ಮೇಲಿನಿಂದಲೇ ಕಾಣುತ್ತಿದ್ದವು.

"ಗೋಡೆ ಎದ್ದವೆ, ಇನ್ನೂ ಮೋಲ್ಡ್ ಆಕಿಲ್ಲ" ಎಂದು ಅವನೇ ವಿವರಿಸಿದ.

ಲೀಡ್ ಎದ್ದು ಬಂದು ಬಗ್ಗಿ ನೋಡಿದರು. "ಸೂಪರ್ ಲೊಕೇಶನ್ ಗುರು. ನದಿ ಬೇರೆ ಇದೆ. ಕಾರ್ನರ್ ಸೈಟ್ ನಂಗಿರ್ಲಿ."

"ಸಾರ್, ಕಾರ್ನರ್ ನಮ್ಮಪ್ಪನಿಗೆ ಆಗ್ಲೇ ಬುಕ್ ಆಗೋಗಿದೆ. ನಿಮಗೆ ಮೋರಿ ಪಕ್ಕದ್ದೈತೆ, ನೋಡ್ತೀರಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಅಂದು ಸಂಜೆ ಲೀಡ್ ನಮ್ಮ ಮಾರ್ಗಸೂಚಿಗೆ ಒಂದು ಸಾಲು ಸೇರಿಸಿದರು. ರಸ್ತೆ ಇದ್ದು ಕಟ್ಟಡ ಇಲ್ಲದ ತಿಳಿಬಣ್ಣದ ಪ್ರದೇಶ: ಖಾಲಿ ಜಾಗ. ಅಲ್ಲಿಂದ ಮುಂದೆ ತಂಡದ ಬಾಯಲ್ಲಿ ಅದು ಲೇಔಟ್ ಎಂದೇ ಆಯಿತು. "ಈ ಶೀಟ್‌ನಲ್ಲಿ ಎಷ್ಟಿದೆ ಲೇಔಟ್?" "ಮುಕ್ಕಾಲು ಪಾಲು."

ಬಾಂಬಿನ ಗುಂಡಿಗಳನ್ನೂ ಶ್ರದ್ಧೆಯಿಂದಲೇ ಗುರುತಿಸಿದೆವು. ಅವು ಇದ್ದದ್ದು ರೈಲ್ವೆ ಕಾರ್ಯಾಗಾರದ ಸುತ್ತ ಮಾತ್ರ, ನೆಲಕ್ಕೆ ಸಿಡುಬು ಎದ್ದ ಹಾಗೆ. ಬಾಂಬ್ ಬಿದ್ದರೆ ಗುಂಡಿ ಬೀಳುತ್ತದೆ, ಗುಂಡಿ ಇಲ್ಲದ ಕಡೆ ಬಾಂಬ್ ಬಿದ್ದಿಲ್ಲ, ನಮಗೆ ಗೊತ್ತಿದ್ದದ್ದು ಇಷ್ಟೇ. ಯುದ್ಧ ಕಾರ್ಯಾಗಾರದವರೆಗೆ ಬಂದು ನಿಂತಿದೆ, ಊರು ಉಳಿದಿದೆ ಎಂದುಕೊಂಡೆವು. ಜಪಾನಿನ ಮೇಲೆ ಬಾಂಬ್ ಎಂದರೆ ಶಾಲೆಯ ಪಾಠದಲ್ಲಿ ಓದಿದ ಎರಡೇ ಊರಿನ ಹೆಸರು ನೆನಪಿಗೆ ಬರುತ್ತಿತ್ತು, ಇದು ಆ ಎರಡರಲ್ಲಿ ಒಂದಲ್ಲ. ನಾನು ಭೂಗೋಳದಲ್ಲಿ ಸ್ನಾತಕೋತ್ತರ ಪದವಿ ಮಾಡಿದವಳು. ನನಗೂ ಅಷ್ಟೇ ಗೊತ್ತಿದ್ದದ್ದು.

ಮೊದಲ ಕಂತು ಹೋಯಿತು. ಒಪ್ಪಿಗೆ ಬಂತು. ಲೀಡ್ ಸಮೋಸ ತರಿಸಿದರು.

ಎರಡನೆಯ ಕಂತಿನಲ್ಲಿ ತೊಡಕು ಶುರುವಾಯಿತು. ಹಳೆಯ ಚಿತ್ರವನ್ನು ಇಂದಿನ ನಕ್ಷೆಯ ಮೇಲೆ ಕೂರಿಸಲು ಅಂದೂ ಇದ್ದು ಇಂದೂ ಇರುವ ಬಿಂದುಗಳು ಬೇಕು. ಸೇತುವೆಯ ತುದಿ, ಕಾಲುವೆಯ ತಿರುವು, ಹಳಿ ಕೂಡುವ ಜಾಗ, ಕಲ್ಲಿನ ಹೆಬ್ಬಾಗಿಲು, ಇಂಥವು. ಅಂಥ ಕೆಲವು ಬಿಂದುಗಳನ್ನು ಎರಡೂ ಕಡೆ ಗುರುತಿಸಿದರೆ ತಂತ್ರಾಂಶ ಚಿತ್ರವನ್ನು ಎಳೆದು ಬಗ್ಗಿಸಿ ನಕ್ಷೆಗೆ ಹೊಂದಿಸುತ್ತದೆ. ಬಿಂದುಗಳು ಚಿತ್ರದ ತುಂಬ ಹರಡಿಕೊಂಡಿರಬೇಕು. ಒಂದೇ ಮೂಲೆಯಲ್ಲಿದ್ದರೆ ಉಳಿದ ಭಾಗ ಜಾರುತ್ತದೆ. ನನ್ನ ಪಾಲಿಗೆ ಬಂದ ಶೀಟಿನಲ್ಲಿ ನದಿಯ ಪಶ್ಚಿಮಕ್ಕೆ ಬರೀ ಲೇಔಟ್. ಹಿಡಿದುಕೊಳ್ಳಲು ಒಂದು ಬಿಂದುವೂ ಸಿಗಲಿಲ್ಲ. ಏನು ಮಾಡಿದರೂ ತಪ್ಪಿನ ಅಳತೆ ಒಪ್ಪಂದದ ಮಿತಿಯೊಳಕ್ಕೆ ಇಳಿಯಲೊಲ್ಲದು. ಅದೇ ಜಾಗದ, ಬೇರೆ ದಿನ ತೆಗೆದ ಸ್ಪಷ್ಟವಾದ ಚಿತ್ರವಿದ್ದರೆ ಕಳಿಸಿ ಎಂದು ಜಪಾನಿನ ಎಂಜಿನಿಯರಿಗೆ ಮೇಲ್ ಹಾಕಿದೆ. ನಮ್ಮ ಕಡೆಯ ಎಲ್ಲ ಪ್ರಶ್ನೆಗಳಿಗೂ ಉತ್ತರಿಸುತ್ತಿದ್ದವರು ಅವರೊಬ್ಬರೇ. ಚುಟುಕಾಗಿ, ಸೌಜನ್ಯದಿಂದ ಬರೆಯುತ್ತಿದ್ದರು. ಕೇಳಿದ ಚಿತ್ರ ಬಂತು.

ತೆರೆದು ಮೊದಲಿನದರ ಮೇಲೆ ಇಟ್ಟೆ. ಮೇಲಿನ ಚಿತ್ರವನ್ನು ಪರದೆಯ ಹಾಗೆ ಪಕ್ಕಕ್ಕೆ ಸರಿಸಿ ಕೆಳಗಿನದನ್ನು ನೋಡುವ ಒಂದು ಸೌಲಭ್ಯ ತಂತ್ರಾಂಶದಲ್ಲಿದೆ. ಸರಿಸಿದೆ. ಬೀದಿಗೆ ಬೀದಿ ಕೂಡಿತು, ನದಿಗೆ ನದಿ ಕೂಡಿತು. ಆದರೆ ಹೊಸದಾಗಿ ಬಂದ ಚಿತ್ರದಲ್ಲಿ ಬೀದಿಗಳ ನಡುವೆ ಬೆರಳು ತೂರದಷ್ಟು ಒತ್ತಾಗಿ ಹೆಂಚಿನ ಮಾಡುಗಳು. ಒಂದೊಂದು ಮಾಡಿಗೂ ಬಿಸಿಲು ಬಿದ್ದ ಒಂದು ಮಗ್ಗುಲು, ನೆರಳಿನ ಒಂದು ಮಗ್ಗುಲು. ಮನೆಯ ಹಿಂದೆ ಚಿಕ್ಕ ಹಿತ್ತಿಲು, ಹಿತ್ತಿಲಿನಲ್ಲಿ ಮರ.

ಕಡತದ ಹೆಸರಿನಲ್ಲಿ ತಾರೀಕು ಇರುತ್ತದೆ. ಅದರ ಪ್ರಕಾರ ಮನೆಗಳಿದ್ದ ಚಿತ್ರ ಹಿಂದಿನದು, ಲೇಔಟ್ ಚಿತ್ರ ಕೆಲವೇ ವಾರಗಳ ಆಮೇಲಿನದು.

"ಇವರು ತಾರೀಕು ಅದಲುಬದಲು ಮಾಡಿದ್ದಾರೆ" ಎಂದೆ.

ಸರ್ಜಾಪುರದವನು ಇಣುಕಿ ನೋಡಿದ. "ಅಲ್ವಾ ಮತ್ತೆ? ಮೊದ್ಲು ಲೇಔಟ್, ಆಮೇಲೆ ಮನೆ. ಉಲ್ಟಾ ಎಲ್ಲಾದ್ರೂ ಆಯ್ತದಾ? ಆದ್ರೂ ಮೇಡಂ, ಕೆಲವೇ ವಾರದಾಗೆ ಇಷ್ಟು ಮನೆ ಕಟ್ಟವ್ರೆ ಅಂದ್ರೆ ಜಪಾನ್‌ನೋರು ಭಾರಿ ಫಾಸ್ಟು."

ಕೆಲವು ವಾರದಲ್ಲಿ ಅಷ್ಟು ಮನೆ ಕಟ್ಟಲಾಗದು ಎಂಬುದು ನನಗೂ ಹೊಳೆಯಿತು. ವರ್ಷವನ್ನೇ ತಪ್ಪಾಗಿ ಬರೆದಿರಬೇಕು ಎಂದುಕೊಂಡೆ. ನಾವು ಕಂಡದ್ದು ಒಂದೇ ದಿಕ್ಕು. ಹೊಲವಿತ್ತು, ಲೇಔಟ್ ಆಯಿತು, ಮನೆಗಳು ಎದ್ದವು. ವೈಟ್‌ಫೀಲ್ಡಿನ ನಮ್ಮ ಕಿಟಕಿಯಿಂದ ಹೊರಗೆ ನೋಡಿದರೂ ನಡೆಯುತ್ತಿದ್ದದ್ದು ಅದೇ. ಹಾಗಾಗಿ ಎಂಜಿನಿಯರಿಗೆ ಬರೆದೆ: ಎರಡು ಚಿತ್ರಗಳ ದಿನಾಂಕ ಅದಲುಬದಲಾದಂತಿದೆ, ಮನೆಗಳಿಲ್ಲದ ಚಿತ್ರ ಮೊದಲಿನದಿರಬೇಕು, ದಯವಿಟ್ಟು ಖಚಿತಪಡಿಸಿ.

ಮರುದಿನ ಬೆಳಗ್ಗೆ ಉತ್ತರ ಬಂದಿತ್ತು. ದಿನಾಂಕಗಳು ಸರಿಯಾಗಿವೆ. ಮನೆಗಳಿದ್ದ ಚಿತ್ರವೇ ಮೊದಲಿನದು. ಎರಡರ ನಡುವೆ ನಗರ ಸುಟ್ಟುಹೋಯಿತು.

ಮೂರು ವಾಕ್ಯ. ಮೂರನೆಯದನ್ನು ಓದಿ ಮುಗಿಸಿದ ಮೇಲೂ ಅದು ತಲೆಗೆ ಇಳಿಯಲಿಲ್ಲ. ಚಿತ್ರಗಳನ್ನು ತೆರೆದು ಪರದೆ ಸರಿಸಿದೆ. ಮನೆಗಳು. ವಾಪಸ್ ಸರಿಸಿದೆ. ಬೂದು. ಅಲ್ಲಿಯವರೆಗೆ ಅದನ್ನು ಬಣ್ಣದ ಹೆಸರಾಗಿ ಬಳಸುತ್ತಿದ್ದೆ. ಅದು ನಿಜವಾಗಿ ಬೂದಿ. ನದಿಯ ದಡದಿಂದ ರೈಲು ಹಳಿಯವರೆಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಬೂದಿ. ಚಾವಣಿ ಹಾಕದ ಕಟ್ಟಡಗಳು ಕಟ್ಟುತ್ತಿದ್ದ ಕಟ್ಟಡಗಳಲ್ಲ, ಒಳಗೆಲ್ಲ ಸುಟ್ಟು ಚಾವಣಿ ಕುಸಿದವು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಬಂದಾಗ ಸರ್ಜಾಪುರದವನು ನನ್ನ ಕಂಪ್ಯೂಟರಿನ ಮುಂದೆ ನಿಂತಿದ್ದ. ಮೇಲ್ ಓದಿದ್ದ.

"ಎಲ್ಲಾ ಮನೆನಾ?" ಎಂದ.

ನಾನು ಪರದೆ ಸರಿಸಿ ತೋರಿಸಿದೆ. ಎರಡು ಸಲ. ಮೂರನೆಯ ಸಲಕ್ಕೆ "ಸಾಕು ಬಿಡಿ ಮೇಡಂ" ಎಂದು ತನ್ನ ಸೀಟಿಗೆ ಹೋಗಿ ಕೂತ. ಆಮೇಲೆ ಮೆಲ್ಲಗೆ ಕೇಳಿದ, "ಗುಂಡಿ ಇಲ್ವಲ್ಲ? ಬಾಂಬ್ ಆಕಿದ್ರೆ ಗುಂಡಿ ಬೀಳಬೇಕಲ್ವಾ?"

ಅದನ್ನೇ ಹುಡುಕಿ ಓದಿದೆ. ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ. ಗುಂಡಿ ಮಾಡುವ ಬಾಂಬು ಬೇರೆ, ಇದು ಬೇರೆ. ಇದು ಮೊಳದುದ್ದದ ಕಬ್ಬಿಣದ ಕೊಳವೆ, ಒಳಗೆ ಅಂಟಿನಂತೆ ಗಟ್ಟಿಯಾಗಿಸಿದ ಪೆಟ್ರೋಲು. ಅಂಥವನ್ನು ಕಟ್ಟು ಕಟ್ಟಾಗಿ ಉದುರಿಸುತ್ತಾರೆ. ಹೆಂಚು ತೂತು ಮಾಡಿಕೊಂಡು ಒಳಗೆ ಬಿದ್ದು ಉರಿ ಉಗುಳುತ್ತದೆ. ಮನೆಗಳೋ ಮರದವು, ಕಾಗದದ ಬಾಗಿಲಿನವು. ನೆಲ ಅಗೆದು ಹಾಕುವುದು ಅದರ ಕೆಲಸವೇ ಅಲ್ಲ. ಆ ಎರಡು ಊರುಗಳ ಮೇಲೆ ಅಣುಬಾಂಬು ಬೀಳುವ ಮುಂಚೆಯೇ ಹೀಗೆ ಸುಟ್ಟ ಊರುಗಳು ಹತ್ತಾರು. ಗಂಡಸರಲ್ಲಿ ಬಹಳ ಮಂದಿ ಸೈನ್ಯದಲ್ಲಿದ್ದುದರಿಂದ ಮನೆಗಳಲ್ಲಿ ಹೆಚ್ಚಾಗಿ ಇದ್ದವರು ಹೆಂಗಸರು, ಮುದುಕರು, ಚಿಕ್ಕ ಮಕ್ಕಳು. ಎಲ್ಲವೂ ಉರಿಯದೆ ಕೆಲವು ಕೊಳವೆಗಳು ನೆಲದಲ್ಲಿ ಹೂತು ಉಳಿದಿವೆ, ಇವತ್ತಿಗೂ ಅಡಿಪಾಯ ಅಗೆಯುವಾಗ ಸಿಗುತ್ತವೆ ಎಂದೂ ಒಂದು ಕಡೆ ಇತ್ತು.

ಆ ವಾಕ್ಯ ಓದಿ ನಿಂತೆ. ನಮ್ಮ ನಕ್ಷೆ ಯಾತಕ್ಕೆ ಎಂಬುದು ಆಗ ಅಂದಾಜಾಯಿತು. ಹಾಗಿದ್ದರೆ ಮೊದಲ ಕಂತಿನಲ್ಲಿ ಸುಟ್ಟ ಪ್ರದೇಶಕ್ಕೆಲ್ಲ "ಖಾಲಿ ಜಾಗ" ಎಂದು ಗುರುತು ಹಾಕಿ ಕೊಟ್ಟುಬಿಟ್ಟಿದ್ದೇವೆ. ಖಾಲಿ ಹೊಲದ ಮೇಲೆ ಯಾರು ಬಾಂಬ್ ಹಾಕುತ್ತಾರೆ? ಅದನ್ನು ಓದಿದವರು ಅಲ್ಲಿ ಅಪಾಯವಿಲ್ಲವೆಂದು ತಿಳಿಯುತ್ತಾರೆ, ಧೈರ್ಯವಾಗಿ ಅಗೆಯುತ್ತಾರೆ.

ಲೀಡ್ ಹತ್ತಿರ ಹೋಗಿ ಹೇಳಿದೆ. ಅವರು ಎರಡೂ ಚಿತ್ರ ನೋಡಿದರು. ಆಮೇಲೆ ಹೇಳಿದರು, "ಟೆಕ್ನಿಕಲಿ ನಮ್ದೇನೂ ತಪ್ಪಿಲ್ಲ. ಆ ಫೋಟೋದಲ್ಲಿ ಕಟ್ಟಡ ಇದೆಯಾ? ಇಲ್ಲ. ನಾವೂ ಇಲ್ಲ ಅಂದಿದ್ದೀವಿ."

"ಅದನ್ನ ನೋಡಿ ಅವರು ಅಗೆದರೆ?"

"ಅಗೀತಾರೆ ಅಂತ ಯಾರು ಹೇಳಿದ್ರು ನಿಂಗೆ? ಊಹೆ ತಾನೆ?"

ಊಹೆಯೇ. ಇಬ್ಬರೂ ಮ್ಯಾನೇಜರ್ ಬಳಿ ಹೋದೆವು. ಅವರು ಕೆಟ್ಟವರಲ್ಲ. ನನ್ನ ತಂದೆಯ ಕಾರ್ಖಾನೆಯಲ್ಲೇ ಅವರ ತಂದೆಯೂ ಇದ್ದರು, ಜಾಲಹಳ್ಳಿಯ ಒಂದೇ ಟೌನ್‌ಶಿಪ್ಪಿನವರು ನಾವು. ಆ ಸಲುಗೆಯಲ್ಲೇ ಮಾತಾಡಿದರು.

"ನೋಡಮ್ಮಾ, ಮೊದಲನೇ ಲಾಟ್‌ಗೆ ಅಕ್ಸೆಪ್ಟೆನ್ಸ್ ಬಂದಾಗಿದೆ. ಮುಚ್ಚಿದ ಲಾಟ್ ನಾವಾಗೇ ತೆಗೆದ್ರೆ ಮೂರನೇ ಲಾಟ್ ಇನ್ನೊಬ್ರಿಗೆ ಹೋಗುತ್ತೆ. ನಿನ್ ಟೀಮೇ ಕೆಲಸ ಇಲ್ದೆ ಬೆಂಚಿಗೆ ಬೀಳುತ್ತೆ. ಎರಡನೇದ್ರಿಂದ ಸರಿ ಮಾಡಿ, ಸೈಲೆಂಟಾಗಿ. ಬೇಕಾದ್ರೆ ಮೊದಲನೇದನ್ನ ಆಮೇಲೆ ವರ್ಷನ್ ಟೂ ಅಂತ ಕೊಡೋಣ."

ಆಮೇಲೆ ಎಂದರೆ ಯಾವಾಗ ಎಂದು ನಾನು ಕೇಳಲಿಲ್ಲ.

ಆ ರಾತ್ರಿ ಮನೆಗೆ ಬಂದಾಗ ವಾಯುನೆಲೆಯ ಕಡೆಯಿಂದ ಹೆಲಿಕಾಪ್ಟರ್ ಸದ್ದು ಬರುತ್ತಿತ್ತು. ಹುಟ್ಟಿದಾಗಿನಿಂದ ಕೇಳಿದ ಸದ್ದು. ಕಂಪ್ಯೂಟರ್ ತೆರೆದು ಉಪಗ್ರಹದ ಚಿತ್ರದಲ್ಲಿ ನಮ್ಮ ಕ್ವಾರ್ಟರ್ಸ್ ಹುಡುಕಿದೆ. ಮೇಲಿನಿಂದ ಎಲ್ಲ ಮಾಡುಗಳೂ ಒಂದೇ ಥರ. ನಮ್ಮದನ್ನು ಗುರುತಿಸಲು ಬೀದಿ ದೀಪದಿಂದ ಎಣಿಸಿಕೊಂಡು ಬರಬೇಕಾಯಿತು. ಅಮ್ಮ ಊಟಕ್ಕೆ ಕರೆಯುತ್ತಿದ್ದಳು. ಕಂಪ್ಯೂಟರ್ ಮುಚ್ಚಿ ಹೋಗಿ ಉಂಡೆ.

ವಾರಕ್ಕೊಮ್ಮೆ ಜಪಾನಿನೊಂದಿಗೆ ಫೋನ್ ಸಭೆ. ನಮ್ಮ ಕಡೆ ಬೆಳಗ್ಗೆ, ಅವರ ಕಡೆ ಮಧ್ಯಾಹ್ನ. ಮೇಜಿನ ನಡುವೆ ಸ್ಪೀಕರ್ ಫೋನ್, ಮ್ಯಾನೇಜರ್ ಮಾತಾಡುತ್ತಾರೆ, ಲೀಡ್ ಸೇರಿಸುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ನಮ್ಮ ಕಡೆ ಗುಸುಗುಸು ಇದ್ದಾಗ ನಮ್ಮ ದನಿ ಆ ಕಡೆಗೆ ಕೇಳದಂತೆ ಮಾಡುವ ಗುಂಡಿ ಒತ್ತಿರುತ್ತೇವೆ, ಅದಕ್ಕೊಂದು ಕೆಂಪು ದೀಪ. ಆ ಸಭೆಗಳಲ್ಲಿ ನಾನು ಬಾಯಿ ತೆರೆಯುತ್ತಿದ್ದದ್ದು ನಮಸ್ಕಾರ ಹೇಳಲು ಮಾತ್ರ.

ಆ ವಾರ ಎಂಜಿನಿಯರ್ ಮೊದಲ ಕಂತಿಗೆ ವಂದನೆ ಹೇಳಿದರು. ಅವರ ಇಂಗ್ಲಿಷ್ ನಿಧಾನ, ಒಂದೊಂದು ಪದವನ್ನೂ ಆರಿಸಿ ಇಟ್ಟಂತೆ. ನಕ್ಷೆಯನ್ನು ನಗರಸಭೆಗೆ ಒಪ್ಪಿಸಿದ್ದಾಗಿದೆ. ಕಟ್ಟಡ ಕಟ್ಟುವ ಮುಂಚೆ ನೆಲದಲ್ಲಿ ಹೂತ ಬಾಂಬು ಇದೆಯೇ ಎಂದು ಎಲ್ಲಿ ಹುಡುಕಬೇಕು, ಎಲ್ಲಿ ಬೇಡ ಎಂದು ನಗರಸಭೆ ಅದನ್ನು ನೋಡಿ ನಿರ್ಧರಿಸುತ್ತದೆ. ಮೊದಲ ಬಳಕೆ ಒಂದು ಶಿಶುವಿಹಾರದ ನಿವೇಶನಕ್ಕೆ. ನಿಮ್ಮ ನಕ್ಷೆಯಲ್ಲಿ ಅದು ಖಾಲಿ ಜಾಗ, ಆದ್ದರಿಂದ ಹುಡುಕಾಟ ಬೇಡವೆಂದಾಗಿದೆ. ಬರುವ ವಾರ ಯಂತ್ರ ತಂದು ಅಡಿಪಾಯ ಅಗೆಯುತ್ತಾರೆ. ಸಕಾಲಕ್ಕೆ ಕೊಟ್ಟದ್ದಕ್ಕೆ ಕೃತಜ್ಞರು.

ಇನ್ನು ಊಹೆ ಎನ್ನುವಂತಿರಲಿಲ್ಲ. ಕೆಂಪು ದೀಪ ಉರಿಯುತ್ತಿತ್ತು. ಮ್ಯಾನೇಜರ್ ಲೀಡ್ ಮುಖ ನೋಡಿದರು, ಲೀಡ್ ಮೇಜು ನೋಡಿದರು. "ಇವತ್ತೇ ಮೇಲ್ ಹಾಕಿ ಹೇಳೋಣ, ಡ್ರಾಫ್ಟ್ ಮಾಡಿ, ನಾನು ಡೈರೆಕ್ಟರ್‌ಗೆ ತೋರಿಸ್ತೀನಿ" ಎಂದು ಮ್ಯಾನೇಜರ್ ತಗ್ಗಿದ ದನಿಯಲ್ಲಿ ಅಂದರು. ಡೈರೆಕ್ಟರ್ ಊರಲ್ಲಿರಲಿಲ್ಲ. ಆ ಕಡೆಯಿಂದ ಎಂಜಿನಿಯರ್, ಪ್ರಶ್ನೆಗಳಿಲ್ಲದಿದ್ದರೆ ಇಲ್ಲಿಗೆ ಮುಗಿಸೋಣ ಎಂದರು.

ನಾನು ಕೈ ಚಾಚಿ ಗುಂಡಿ ಒತ್ತಿದೆ. ದೀಪ ಆರಿತು.

ಹೇಳಿದ್ದು ಇಷ್ಟು. ಮೊದಲ ಕಂತಿನ ಖಾಲಿ ಜಾಗ ಖಾಲಿಯದಲ್ಲ. ಸುಟ್ಟದ್ದನ್ನು ನಾವು ಖಾಲಿ ಎಂದು ಗುರುತಿಸಿದ್ದೇವೆ. ದಯವಿಟ್ಟು ಅಗೆಯುವುದನ್ನು ನಿಲ್ಲಿಸಿ.

ಎಂಜಿನಿಯರ್ ನನ್ನ ಮಾತನ್ನು ಒಂದೊಂದಾಗಿ ತಿರುಗಿ ಹೇಳಿ ಖಚಿತಪಡಿಸಿಕೊಂಡರು.

"ಎಲ್ಲವೂ?" ಎಂದು ಕೇಳಿದರು.

"ಮೈದಾನ ಬಿಟ್ಟು ಎಲ್ಲವೂ" ಎಂದೆ.

ಕಾಗದ ಸರಿದಾಡಿದ ಸದ್ದು. ಆಮೇಲೆ ಅವರು ನಿಧಾನವಾಗಿ, ನಿಮ್ಮ ದಿನಾಂಕದ ಮೇಲ್ ಬಂದಾಗಲೇ ನಾನು ಯೋಚಿಸಬೇಕಿತ್ತು ಎಂದರು. ಅವರ ಪರೀಕ್ಷಕರು ನೋಡಿದ್ದು ಗೆರೆಗಳು ಸರಿಯಾದ ಜಾಗದಲ್ಲಿ ಕೂತಿವೆಯೇ ಎಂಬುದನ್ನು ಮಾತ್ರ. ಮನೆಗಳಿದ್ದ ಪ್ರದೇಶವನ್ನು, ಸುಟ್ಟಿದ್ದರೂ, ಒತ್ತೊತ್ತಾದ ಕಟ್ಟಡ ಎಂದೇ ಗುರುತಿಸುತ್ತಾರೆಂದು ಅವರು ತಿಳಿದಿದ್ದರು. ಅದನ್ನು ಯಾರಾದರೂ ಖಾಲಿ ಎಂದು ಓದಬಹುದೆಂಬುದು ಆ ಊರಿನ ಯಾರಿಗೂ ಹೊಳೆಯುವ ಮಾತಾಗಿರಲಿಲ್ಲ.

ಫೋನ್ ಇಟ್ಟ ಮೇಲೆ ಮ್ಯಾನೇಜರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೇಲ್ ಹಾಕೋಣ ಅಂದೆನಲ್ಲಮ್ಮಾ."

"ಮುಂದಿನ ವಾರ ಅಗೀತಾರೆ ಸರ್."

"ಮುಂದಿನ ವಾರಕ್ಕೆ ಇನ್ನೂ ಟೈಮ್ ಇತ್ತಲ್ಲ! ಒಂದಿನ ತಡ್ಕೊಳ್ಳೋಕೆ ಏನಾಗಿತ್ತು ನಿಂಗೆ?"

ಸರ್ಜಾಪುರದವನು ಬಾಗಿಲ ಬಳಿ ನಿಂತು, "ಸಾರ್, ನಿಮ್ ಮನೆ ಪಾಯ ಅಗೆಯೋವಾಗ ಆಗಿದ್ರೆ ತಡ್ಕೊತಿದ್ರಾ?" ಎಂದುಬಿಟ್ಟ. ಮ್ಯಾನೇಜರ್ ಅವನನ್ನು ದುರುಗುಟ್ಟಿ ನೋಡಿದರು. "ನಿಂದು ಜಾಸ್ತಿ ಆಯ್ತು ಕಣಯ್ಯಾ" ಎಂದರು. ಕನ್ನಡಕ ಹಾಕಿಕೊಂಡು ಎದ್ದು ಹೋದರು.

ಅಗೆತ ನಿಂತಿತು. ಮೊದಲ ಕಂತನ್ನು ಪೂರ್ತಿ ಹೊಸದಾಗಿ ಮಾಡಿಕೊಡಬೇಕೆಂದು, ಅದೂ ಎರಡನೆಯದರ ಗಡುವು ಬದಲಿಸದೆ, ಆ ಸಂಸ್ಥೆ ಬರೆಯಿತು. ಶನಿವಾರದ ರಜೆಗಳು ಹೋದವು. ಮೂರನೆಯ ಕಂತು ಮ್ಯಾನೇಜರ್ ಹೇಳಿದಂತೆಯೇ ಇನ್ನೊಂದು ಕಂಪನಿಗೆ ಹೋಯಿತು.

ಈ ಸಲ ಸುಡುವ ಮುಂಚಿನ ಚಿತ್ರಗಳನ್ನೂ ಎಂಜಿನಿಯರ್ ಕಳಿಸಿದರು, ಮುಂಚಿನದು ಆಮೇಲಿನದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಕೆಲಸ. ಮೊದಲನೆಯದರಲ್ಲಿ ಮಾಡು ಇದ್ದು ಎರಡನೆಯದರಲ್ಲಿ ಇಲ್ಲದಿದ್ದರೆ ಸುಟ್ಟ ಪ್ರದೇಶ. ಬೆಂಕಿಯ ಅಂಚು ಎಲ್ಲಿ ನಿಂತಿದೆಯೋ ಅಲ್ಲಿ ಗೆರೆ. ಅಂಚು ಎಲ್ಲ ಕಡೆ ನುಣುಪಾಗಿರಲಿಲ್ಲ. ಒಂದು ಬೀದಿಯಲ್ಲಿ ಇಡೀ ಸಾಲು ಹೋಗಿ ಕೊನೆಯ ಎರಡು ಮನೆ ಉಳಿದಿದ್ದವು. ಗಾಳಿ ತಿರುಗಿತೋ, ಯಾರಾದರೂ ನೀರು ಹೊಯ್ದರೋ ಚಿತ್ರದಿಂದ ತಿಳಿಯುವುದಿಲ್ಲ. ಊರ ನಡುವೆ ಹಾದುಹೋದ ನೇರ ಅಗಲ ಪಟ್ಟಿಗಳನ್ನು ನಾವು ಹೆದ್ದಾರಿ ಎಂದು ಗುರುತಿಸಿದ್ದೆವು. ಅವು ರಸ್ತೆಗಳಲ್ಲ, ಬೆಂಕಿ ದಾಟದಿರಲೆಂದು ಊರಿನವರೇ ಮುಂಚಿತವಾಗಿ ಮನೆಗಳ ಸಾಲುಗಳನ್ನು ಕೆಡವಿದ ಜಾಗ ಎಂದು ಎಂಜಿನಿಯರ್ ತಿದ್ದಿದರು. ಬೆಂಕಿ ದಾಟಿತ್ತು. ಪಟ್ಟಿಯ ಎರಡೂ ಬದಿ ಬೂದಿಯೇ.

ನದಿಯ ಮೇಲಿನ ಸೇತುವೆ ನನ್ನ ಅತ್ಯುತ್ತಮ ಬಿಂದು. ಅದರ ನಾಲ್ಕೂ ಮೂಲೆ ಚೂಪಾಗಿ ಕಾಣುತ್ತಿದ್ದವು, ತಪ್ಪಿನ ಅಳತೆ ಬಹಳ ಕಡಿಮೆ. ವರದಿಯಲ್ಲಿ ಅದನ್ನೇ ಮೊದಲ ಬಿಂದುವೆಂದು ಬರೆದಿದ್ದೆ. ಒಂದು ಸಭೆಯ ಕೊನೆಗೆ ಎಂಜಿನಿಯರ್ ಆ ಬಿಂದುವಿನ ಬಗ್ಗೆ ಮಾತಾಡುತ್ತ, ಅಂದು ಎರಡೂ ದಡದ ಜನ ಎದುರು ದಡ ಸುರಕ್ಷಿತವೆಂದು ಆ ಸೇತುವೆಗೆ ನುಗ್ಗಿದರು, ನಡುವೆ ಸಿಕ್ಕಿಕೊಂಡರು ಎಂದರು. ತಮ್ಮ ತಾಯಿಯ ಅಕ್ಕ ಅಲ್ಲಿದ್ದಳು ಎಂದರು. ಆ ಎತ್ತರದಿಂದ ತೆಗೆದ ಚಿತ್ರದಲ್ಲಿ ಮನುಷ್ಯರು ಕಾಣುವುದಿಲ್ಲ. ಒಬ್ಬ ಮನುಷ್ಯ ಒಂದು ಚುಕ್ಕೆಗಿಂತಲೂ ಚಿಕ್ಕವನು. ಎಷ್ಟು ದೊಡ್ಡದು ಮಾಡಿದರೂ ಸೇತುವೆ ಬರಿದಾಗಿಯೇ ಇತ್ತು. ಆದರೂ ಅಲ್ಲಿ ಬಿಂದುವಿನ ಗುರುತು ಇಡುವ ಮುನ್ನ ಪ್ರತಿ ಸಲ ದೊಡ್ಡದು ಮಾಡಿ ನೋಡುತ್ತಿದ್ದೆ.

ಹೊಸ ನಕ್ಷೆ ಹೋದ ಮೇಲೆ ಶಿಶುವಿಹಾರದ ನಿವೇಶನದಲ್ಲಿ ಲೋಹಶೋಧಕ ಹಿಡಿದು ಹುಡುಕಿದರು. ಒಂದು ಕಡೆ ಸದ್ದಾಯಿತು. ಕೈಯಿಂದ ಅಗೆದರು. ತುಕ್ಕು ಹಿಡಿದ ಒಂದು ಕೊಳವೆ ಸಿಕ್ಕಿತು, ಒಳಗಿನದ್ದು ಉರಿಯದೆ ಉಳಿದಿತ್ತು. ಸುತ್ತಲಿನ ಮನೆಯವರನ್ನು ತೆರವು ಮಾಡಿಸಿ, ಸೈನ್ಯದವರು ಬಂದು ತೆಗೆದುಕೊಂಡು ಹೋದರು. ಯಾರಿಗೂ ಏನೂ ಆಗಲಿಲ್ಲ ಎಂದು ಎಂಜಿನಿಯರ್ ಮೇಲ್ ಬರೆದರು. ಯಂತ್ರದ ಹಲ್ಲು ತಾಗಿದ್ದರೆ ಏನಾಗುತ್ತಿತ್ತು ಎಂದು ಅವರು ಬರೆಯಲಿಲ್ಲ.

ಅದೇ ಮೇಲ್‌ನ ಕೆಳಗಿನ ಭಾಗ ಬೇರೆ ವಿಷಯ. ಕೊಳವೆಯ ಪಕ್ಕ, ಬೂದಿಯ ಪದರದ ಅಡಿಯಲ್ಲಿ, ಒಂದು ಕುಣಿ ಇತ್ತು. ದಾಳಿಯಾದಾಗ ಅಡಗಿಕೊಳ್ಳಲು ಮನೆಯ ನೆಲದ ಹಲಗೆಯಡಿ ಕುಣಿ ತೋಡಿಕೊಳ್ಳಬೇಕೆಂದು ಸರ್ಕಾರವೇ ಹೇಳುತ್ತಿದ್ದ ಕಾಲ. ಹೇಳಿದಂತೆ ತೋಡಿದ್ದರು, ಹೇಳಿದಂತೆ ಇಳಿದಿದ್ದರು. ಕುಣಿಯಲ್ಲಿ ಮೂಳೆಗಳಿದ್ದವು, ಒಂದಕ್ಕಿಂತ ಹೆಚ್ಚು ಜನರವು. ಒಂದು ಚಿಕ್ಕದು. ಆ ಬಡಾವಣೆಯ ದಾಖಲೆಗಳು ಮನೆಗಳ ಜೊತೆಗೇ ಸುಟ್ಟಿದ್ದವು. ಆ ಬಿಂದುವಿನಲ್ಲಿದ್ದ ಮನೆ ಬೀದಿಯ ತುದಿಯಿಂದ ಎಷ್ಟನೆಯದು ಎಂದು ದಾಳಿಗೆ ಮುಂಚಿನ ಚಿತ್ರದಿಂದ ಹೇಳಲಾದೀತೇ ಎಂದು ಕೇಳಿದ್ದರು.

ಹೇಳಲಾಯಿತು. ಮಾಡಿನ ಸುತ್ತ ಗೆರೆ ಎಳೆದೆ. ಮೂಲೆ ಮನೆಯಿಂದ ನಾಲ್ಕನೆಯದು. ಚಿಕ್ಕ ಮನೆ, ಹಿಂದೆ ಹಿತ್ತಿಲು. ತಪ್ಪಾಗಬಾರದೆಂದು ಸರ್ಜಾಪುರದವನು ಬೇರೆಯಾಗಿ ಕೂರಿಸಿ ನೋಡಿದ. ಅವನಿಗೂ ಅದೇ ಮನೆ ಬಂತು. "ಅದೇ ಮೇಡಂ, ಅನುಮಾನ ಇಲ್ಲ. ಕಳ್ಸಿ" ಎಂದ. ಅವನ ದನಿ ಅಷ್ಟು ಸಣ್ಣದಾಗಿ ಕೇಳಿದ್ದು ಅದೊಂದೇ ಸಲ.

ಬಹಳ ದಿನಗಳ ನಂತರ, ನಾವು ಬೇರೆ ಕೆಲಸಕ್ಕೆ ಹೊರಳಿದ ಮೇಲೆ, ಎಂಜಿನಿಯರ್ ಮತ್ತೆ ಬರೆದರು. ಆ ಬೀದಿಯ ಹಳಬರನ್ನು ವಿಚಾರಿಸಿ ಮನೆ ಯಾರದೆಂದು ನಗರಸಭೆ ಪತ್ತೆ ಮಾಡಿತ್ತು. ಒಬ್ಬ ಮಗಳು ಉಳಿದಿದ್ದಾಳೆ. ಯುದ್ಧದ ಕೊನೆಗೆ ಶಾಲಾ ಮಕ್ಕಳನ್ನು ನಗರದಿಂದ ಹಳ್ಳಿಗಳಿಗೆ ಸಾಗಿಸಿದ್ದರು, ಅವಳು ಹಾಗೆ ಹೋದವಳು. ಈಗ ಎಂಬತ್ತರ ಹತ್ತಿರ. ಮನೆಯದೊಂದು ಫೋಟೋ ಅವಳ ಬಳಿ ಇಲ್ಲ. ಮೊದಲ ಚಿತ್ರದಲ್ಲಿ ಆ ಮನೆಯಿರುವ ಭಾಗವನ್ನು ಆದಷ್ಟು ದೊಡ್ಡದು ಮಾಡಿ ಕೊಡುತ್ತೀರಾ ಎಂದು ಕೇಳಿದ್ದಾಳೆ.

ಆ ಚಿತ್ರವನ್ನು ತೆಗೆದದ್ದು ಎಲ್ಲಿ ಬೆಂಕಿ ಹಾಕಬೇಕೆಂದು ನೋಡಲು ಬಂದ ವಿಮಾನ. ಅದು ಅವಳಿಗೆ ಗೊತ್ತೇ ಎಂದು ನಾನು ಕೇಳಲಿಲ್ಲ. ಗೊತ್ತಿರುತ್ತದೆ.

ಮ್ಯಾನೇಜರ್ ಅನುಮತಿ ಕೊಟ್ಟರು, ಬಿಲ್ಲಿಂಗ್ ಬೇಡ ಎಂದೂ ಹೇಳಿದರು. ಕತ್ತರಿಸಿ ದೊಡ್ಡದು ಮಾಡಿದೆ. ಹೊರಗೆ ಕೊಡುವ ಚಿತ್ರದ ಮೇಲಿನ ಧೂಳು, ಗೀರುಗಳನ್ನು ಒರೆಸಿ ಕೊಡುವುದು ನಮ್ಮ ಪದ್ಧತಿ. ಒಂದೊಂದಾಗಿ ಒರೆಸುತ್ತ ಬಂದೆ. ಹಿತ್ತಿಲಿನಲ್ಲಿ, ಮರದ ನೆರಳಿನ ಆಚೆ, ಒಂದು ಪುಟ್ಟ ಬಿಳಿ ಚೌಕ ಇತ್ತು. ನೆಗೆಟಿವ್ ಮೇಲೆ ಬಿದ್ದ ಧೂಳಿನ ಕಣ ಇರಬಹುದು. ಅಂಚು ನೇರವಾಗಿದೆ, ಪಕ್ಕದಲ್ಲಿ ಸಣ್ಣ ನೆರಳೂ ಇದ್ದಂತಿದೆ. ಯಾರೋ ಅಂದು ಬೆಳಗ್ಗೆ ಒಗೆದು ಹರವಿದ ಬಟ್ಟೆಯೂ ಇರಬಹುದು. ನೂರಕ್ಕೆ ನೂರು ಹೀಗೇ ಎಂದು ಹೇಳುವ ವಿಧಾನ ಯಾವುದೂ ನನಗೆ ಗೊತ್ತಿಲ್ಲ.

ಅದನ್ನು ಹಾಗೆಯೇ ಬಿಟ್ಟು ಕಳಿಸಿದೆ.